ತಾಳ ತಪ್ಪೋದು ಎಣಿಸೋದ್ರಿಂದಾನೇ: ಸಂಗೀತದ ಪ್ಯಾಟರ್ನ್ ಬಾಯಿಗೆ, ಕೈಗೆ ಹತ್ತಿಸ್ಕೊಳ್ಳೋದು ಹೇಗೆ

ಚಿಕ್ಕವರಿದ್ದಾಗ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಪಿಳ್ಳಾರಿ ಗೀತೆ (ಶುರುವಲ್ಲಿ ಕಲಿಸೋ ಪುಟ್ಟ ಹಾಡು) ಮುಗಿಯೋ ಹೊತ್ತಿಗೆ ಬಿಟ್ಬಿಟ್ಟೋರು ನಮ್ಮ ಕಡೆ ಮನೆಗೊಬ್ರು ಸಿಗ್ತಾರೆ, ನಾನೂ ಅದೇ ಗುಂಪು. ಮೂವತ್ತೈದು ದಾಟಿದ್ಮೇಲೆ ಮತ್ತೆ ಶುರು ಮಾಡಿದಾಗ ಮೇಷ್ಟ್ರು ಮೊದಲನೇ ದಿನಾನೇ ಮೂರನೇ ಸರಳೆ (ಸ್ವರ ಕಲಿಯೋ ಮೊದಮೊದಲ ಪಾಠ) ಹಾಡ್ಸಿದ್ರು, ಸರಿಗ ಸರಿಗ ಸರಿ, ಸರಿಗಮಪದನಿಸ. ನಾನು ಇದೇನ್ ಮಹಾ ಅಂತ ಗಡಗಡ ಹಾಡ್ದೆ. "ಸರಿ, ಈಗ ಕೈ ನೋಡ್ಕೊಂಡು ಹಾಡಿ" ಅಂದ್ರು. ನೋಡಿದ್ರೆ ಕೈ ಒಂದು ಲೆಕ್ಕ ಹೇಳ್ತಿದೆ, ಬಾಯಿ ಇನ್ನೊಂದು ಲೆಕ್ಕ ಹೇಳ್ತಿದೆ. ಆದಿತಾಳ 4+2+2 ಅಂತ ಒಡೆಯುತ್ತೆ, ಸ್ವರ ಮಾತ್ರ 3+3+2 ಅಂತ ಹೋಗ್ತಿದೆ. ಎಂಟು ವರ್ಷದ ಮಗುವಾಗಿದ್ದಾಗ ಇದನ್ನ ನೂರಾರು ಸಲ ಹಾಡಿದ್ದೀನಿ, ಒಂದು ಸಲಾನೂ ಗಮನಕ್ಕೆ ಬಂದಿರ್ಲಿಲ್ಲ.

ಅವತ್ತಿಂದ ನಾನು ಕಲ್ತಿದ್ದು, ನನ್ನ ಹತ್ರ ಬರೋ ಒಂದಿಬ್ರು ಹುಡುಗ್ರಿಗೆ ಹೇಳ್ಕೊಡೋದು, ಕಚೇರಿ ಕೇಳೋಕೆ ಇಷ್ಟ ಆದ್ರೆ "ನಂಗೆ ತಾಳ ಗೀಳ ಎಲ್ಲ ಗೊತ್ತಾಗಲ್ಲಪ್ಪ" ಅನ್ನೋ ಫ್ರೆಂಡ್ಸ್‌ಗೆ ಹೇಳೋದು, ಎಲ್ಲಾ ಸೇರಿಸಿ ಇಲ್ಲಿ ಬರೀತಿದೀನಿ. ಹಾಡೋಕೆ ಬರ್ಲೇಬೇಕು ಅಂತೇನಿಲ್ಲ, ಎರಡು ಕೈ, ಒಂದು ಬಾಯಿ, ದಿನಕ್ಕೆ ಹದಿನೈದು ನಿಮಿಷ ಇದ್ರೆ ಆಯ್ತು.

ಮೊದ್ಲು ಕೈ

ಆದಿತಾಳ ಹಾಕೋದು ಬಹಳ ಜನಕ್ಕೆ ಗೊತ್ತಿರುತ್ತೆ, ಆದ್ರೂ ಹೇಳ್ತೀನಿ. ತೊಡೆ ಮೇಲೆ ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು ಎಣಿಕೆ, ಅದು ಲಘು, ನಾಲ್ಕು ಅಕ್ಷರ (ಕೈ ಆಡೋ ಒಂದೊಂದು ಸಲಕ್ಕೂ ಒಂದು ಅಕ್ಷರ). ಆಮೇಲೆ ತಟ್ಟು, ತಿರುವು, ತಟ್ಟು, ತಿರುವು, ಇವೆರಡು ದ್ರುತ. ಒಟ್ಟು 8, ಈ ಒಂದು ಸುತ್ತೇ ಆವರ್ತ. ಟಿಕ್ ಟಿಕ್ ಅಂತ ಲಯ ಕೊಡೋ ಮೆಟ್ರೋನೋಮ್ ಆ್ಯಪ್ ಇದ್ರೆ ನಿಮಿಷಕ್ಕೆ 60ಕ್ಕೆ ಇಟ್ಕೊಳ್ಳಿ. ಬಾಯಿ ಮುಚ್ಕೊಂಡು ಬರೀ ಕೈ ಹಾಕಿ, ಟಿವಿ ನೋಡ್ತಾ, ಬಸ್ಸಲ್ಲಿ ಕೂತು, ಕುಕ್ಕರ್ ವಿಷಲ್‌ಗೆ ಕಾಯ್ತಾ. ಕೈ ಕಡೆ ಗಮನ ಇಲ್ದೇ ಇದ್ರೂ ಕೈ ನಡೀತಾ ಇರ್ಬೇಕು, ಅಲ್ಲಿವರೆಗೂ ಮುಂದಕ್ಕೆ ಹೋಗ್ಬೇಡಿ. ಇದು ಬೋರ್ ಹೊಡೆಯೋ ಭಾಗ, ನಾಲ್ಕೈದು ದಿನ ತಗೊಳ್ಳುತ್ತೆ, ತಪ್ಪಿಸ್ಕೊಳ್ಳೋ ದಾರಿ ನಂಗಂತೂ ಸಿಕ್ಕಿಲ್ಲ.

ಇಲ್ಲಿ ಬಹಳ ಜನ ಮಾಡೋ ತಪ್ಪು ಏನಂದ್ರೆ ಮನಸ್ಸಲ್ಲಿ ಒಂದು ಎರಡು ಮೂರು ಅಂತ ಎಣಿಸ್ತಾ ಹೋಗೋದು. ಎಣಿಕೆ ನಡೀತಿದ್ರೆ ಕಿವಿ ಅರ್ಧ ಮುಚ್ಚಿದ ಹಾಗೇನೇ. ಮನೆ ಫಂಕ್ಷನ್ ಒಂದ್ರಲ್ಲಿ ನಾನು ಹಾಡೋಕೆ ಕೂತಾಗ ಹಿಂಗೇ ತಲೇಲಿ ಎಣಿಸ್ಕೊಂಡು ಕೂತಿದ್ದೆ, ಯಾರೋ ಬಂದು ಊಟಕ್ಕೆ ಎಲೆ ಹಾಕ್ಲಾ ಅಂತ ಪಕ್ಕದೋರನ್ನ ಕೇಳಿದ್ದು ಕಿವಿಗೆ ಬಿತ್ತು, ಅಷ್ಟೇ, ಲೆಕ್ಕ ಹೋಯ್ತು, ಒಂದು ಅಕ್ಷರ ಮುಂಚೆ ಸಮಕ್ಕೆ (ಆವರ್ತದ ಮೊದಲ ತಟ್ಟಿಗೆ) ಬಂದು ಕೂತೆ, ಮೃದಂಗದ ಹುಡುಗ ಪಾಪ ನಕ್ಕು ಸುಧಾರಿಸ್ಕೊಂಡ. ನಮ್ಮೋರು ಸಾವಿರ ವರ್ಷದ ಲೆಕ್ಕಾನ ಅಂಕಿಯಲ್ಲಿ ಇಡ್ದೇ ಸೊಲ್ಲಲ್ಲಿ, ಅಂದ್ರೆ ತಕಿಟ ತಕಧಿಮಿ ಥರ ಬಾಯಲ್ಲಿ ಹೇಳೋ ಲಯದ ಮಾತಲ್ಲಿ, ಇಟ್ಟಿದ್ದಕ್ಕೆ ಕಾರಣ ಇದೆ, ಸೊಲ್ಲು ಬಾಯಲ್ಲಿ ತಾನೇ ಉರುಳ್ಕೊಂಡು ಹೋಗುತ್ತೆ, ಮುಗಿಯೋ ಜಾಗ ತಾನೇ ಹೇಳುತ್ತೆ.

ಸೊಲ್ಲು, ಇಲ್ಲಾಂದ್ರೆ ಮೊಸರು

ಐದು ತುಂಡು ಬಾಯಿಗೆ ಬಂದ್ರೆ ಸಾಕು. ತಕ ಅಂದ್ರೆ 2, ತಕಿಟ 3, ತಕಧಿಮಿ 4, ತಕತಕಿಟ 5, ಏಳಕ್ಕೆ ತಕಿಟ ತಕಧಿಮಿ. ಮೃದಂಗ ಪಾಠದಲ್ಲಿ, ಭರತನಾಟ್ಯದ ಕ್ಲಾಸಲ್ಲಿ ಕೇಳಿರ್ತೀರ. ಇದನ್ನೇ ಬಾಯಲ್ಲಿ ಕಚೇರಿ ಮಾಡಿದ್ರೆ ಕೊನ್ನಕ್ಕೋಲು, ಬೆಂಗಳೂರಿನ ಬಿ.ಸಿ. ಮಂಜುನಾಥ್ ಅವರು ಫಿಬೊನಾಚಿ ಸಂಖ್ಯೆಗಳನ್ನ ಕೊನ್ನಕ್ಕೋಲಲ್ಲಿ ಹೇಳಿರೋ ವಿಡಿಯೋ ನೋಡಿಲ್ಲ ಅಂದ್ರೆ ಒಂದ್ಸಲ ನೋಡಿ, ಕೈ ಮಾತ್ರ ಗಮನಿಸಿ, ಅದು ಎಷ್ಟು ನೆಮ್ಮದಿಯಾಗಿರುತ್ತೆ ಅಂತ.

ಸೊಲ್ಲು ನಾಲಿಗೆಗೆ ಒಗ್ಗಲ್ಲ ಅನ್ನೋ ಮಕ್ಕಳಿಗೆ ನಾನು ಮಾತು ಕೊಡ್ತೀನಿ. ನಮ್ಮ ಭಾಷೇಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಆದ್ರಿಂದ ಮಾತೇ ಅಳತೆ ಪಟ್ಟಿ. "ಮೊಸರು ಮೊಸರು ತಾ", ಇದು 3+3+2. ಹೌದು, ಮೂರನೇ ಸರಳೆಯ ಮೊದಲ ಆವರ್ತ ಇದೇನೇ. "ತಾ ಮೊಸರು" ಅಂದ್ರೆ 2+3, ಖಂಡ ಛಾಪು ಅನ್ನೋ ತಾಳ. "ಮೊಸರು ಬಡಿಸಿರಿ" ಅಂದ್ರೆ 3+4, ಮಿಶ್ರ ಛಾಪು. ಊಟದ ಹೊತ್ತಲ್ಲಿ ಮಕ್ಕಳು ಇದನ್ನ ಹೇಳ್ಕೊಂಡು ತಟ್ಟೆ ಬಡಿಯೋಕೆ ಶುರು ಮಾಡಿದ್ರೆ ಬೈಬೇಡಿ, ಅಭ್ಯಾಸ ಮಾಡ್ತಿದಾರೆ.

ಈಗ ಕೈ ಮೇಲೆ ಬಾಯಿ ಇಡಿ. ಆದಿತಾಳ ಹಾಕ್ತಾ, ಅಕ್ಷರಕ್ಕೊಂದು ಸೊಲ್ಲು, ತಕಿಟ ತಕಿಟ ತಕ. ತುಂಡು ಶುರುವಾಗೋ ಜಾಗ ಎಲ್ಲಿ ಬೀಳುತ್ತೆ ನೋಡಿ: ಮೊದಲನೇದು ತಟ್ಟಿಗೆ, ಎರಡನೇದು ನಡುಬೆರಳಿಗೆ, ಮೂರನೇದು ಕೊನೇ ದ್ರುತದ ತಟ್ಟಿಗೆ. ಈ ನಡುಬೆರಳಿನ ಜಾಗದಲ್ಲೇ ಎಲ್ಲರೂ ಎಡವೋದು, ಕೈ ಬೆರಳು ಬಿಟ್ಟು ತಟ್ಟೋಕೆ ಹೋಗುತ್ತೆ. ಹೋಗೋಕೆ ಬಿಡ್ಬೇಡಿ. ಬಾಯಿ ಎಲ್ಲಿ ಒತ್ತು ಕೊಟ್ರೂ ಕೈ ತನ್ನ ಪಾಡಿಗೆ ಇರ್ಬೇಕು, ಇದೊಂದು ಬಂದ್ರೆ ಅರ್ಧ ದಾರಿ ಮುಗೀತು. ಮತ್ತೆ ಎರಡನೇ ಆವರ್ತದಲ್ಲಿ ತಕಧಿಮಿ ತಕಧಿಮಿ ಹೇಳಿ, ಮೊದಲನೇ ಆವರ್ತ ಜಗ್ಗಾಡಿದ್ದು ಎರಡನೇದ್ರಲ್ಲಿ ನೆಟ್ಟಗಾಗುತ್ತೆ, ಆ ಬಿಗಿದು ಸಡಿಲಾಗೋ ಅನುಭವ ಇದ್ಯಲ್ಲ, ನನ್ನ ಕೇಳಿದ್ರೆ ಪ್ಯಾಟರ್ನ್ ಇರೋದೇ ಅದಕ್ಕೆ. ಒಂದೇ ಥರ ಹೋಗ್ತಿದ್ರೆ ಕಿವಿ ನಿದ್ದೆ ಮಾಡುತ್ತೆ, ಪ್ರತಿ ಸಲ ಬೇರೆ ಥರ ಹೋದ್ರೆ ಕಿವಿ ಕೈಬಿಟ್ಬಿಡುತ್ತೆ.

ಸ್ವಲ್ಪ ಧೈರ್ಯ ಬಂದ್ಮೇಲೆ ಬರೀ ತಕಿಟ ತಕಿಟ ತಕಿಟ ಅಂತ ನಿಲ್ಲಿಸ್ದೇ ಆದಿತಾಳದ ಮೇಲೆ ಹೇಳ್ತಾ ಹೋಗಿ. ಮೂರು ಆವರ್ತ ಆದ್ಮೇಲೆ, ಅಂದ್ರೆ 24 ಅಕ್ಷರಕ್ಕೆ, ಎಂಟು ತಕಿಟ ಮುಗ್ದು ಎರಡೂ ಮತ್ತೆ ಒಟ್ಟಿಗೆ ಸಮಕ್ಕೆ ಬರುತ್ತೆ. ಅಲ್ಲಿವರೆಗೂ ಎಣಿಸ್ಬಾರ್ದು, ಕಾಯ್ಬೇಕು.

ಕುಮಾರವ್ಯಾಸನನ್ನ ಛಾಪಿಗೆ ಕೂರಿಸಿ

ಮಿಶ್ರ ಛಾಪು ಕಷ್ಟ ಅನ್ನೋರಿಗೆ ನಾನು ಹೇಳೋ ಉಪಾಯ ಒಂದಿದೆ. ಭಾಮಿನಿ ಷಟ್ಪದಿ ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ಯಾ, ಪರೀಕ್ಷೇಲಿ ಮಾರ್ಕ್ಸ್‌ಗೋಸ್ಕರ ತಲೆ ಮೇಲೆ ಗೆರೆ ಎಳೆದು ಎಳೆದು ಬಿಟ್ಟಿದ್ದು? 1, 2, 4, 5ನೇ ಸಾಲು 3+4+3+4, ಒಟ್ಟು 14 ಮಾತ್ರೆ. ಅಂದ್ರೆ ಸರಿಯಾಗಿ ಎರಡು ಮಿಶ್ರ ಛಾಪು. 3 ಮತ್ತು 6ನೇ ಸಾಲಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23.

ಕುಮಾರವ್ಯಾಸ ಭಾರತದ ಮೊದಲ ಸಾಲೇ ತಗೊಳ್ಳಿ, "ಶ್ರೀವನಿತೆಯರಸನೆ ವಿಮಲ ರಾ". 1ಕ್ಕೆ ಮತ್ತು 4ಕ್ಕೆ ತಟ್ಟಿ: ಶ್ರೀವ, ನಿತೆಯರ, ಸನೆವಿ, ಮಲರಾ. ಚೆನ್ನಾಗಿ ಕೂರ್ತಲ್ಲ? ಈಗ ಮತ್ತೊಂದ್ಸಲ ಹೇಳಿ, ಈ ಸಲ ಮಾತಿನ ಅರ್ಥಕ್ಕೆ ಕಿವಿ ಕೊಟ್ಟು. ಪದ ಒಡೆಯೋ ಜಾಗಾನೇ ಬೇರೆ, ತಾಳ ಒಡೆಯೋ ಜಾಗಾನೇ ಬೇರೆ! "ಶ್ರೀವನಿತೆಯರಸನೆ" ಅನ್ನೋ ಪದ ಎರಡು ಗಣ ದಾಟಿ ಮೂರನೇದ್ರ ಒಳಗೆ ನುಗ್ಗುತ್ತೆ, "ರಾಜೀವ" ಅಂತೂ ಸಾಲಿನ ಅಂಚಲ್ಲೇ ತುಂಡಾಗಿ ಮುಂದಿನ ಸಾಲಿಗೆ ಜಿಗಿಯುತ್ತೆ. ಮೂರನೇ ಸರಳೇಲಿ ಸ್ವರ ಮತ್ತು ಕೈ ಆಡಿದ ಆಟಾನೇ ಇದು. ಗಮಕಿಗಳು (ಕಾವ್ಯಾನ ರಾಗವಾಗಿ ಓದೋರು) ವಾಚನ ಮಾಡುವಾಗ ಎಷ್ಟೋ ಕಡೆ ತಾಳ ಬಿಟ್ಟು ಅರ್ಥಕ್ಕೆ ತಕ್ಕ ಹಾಗೆ ಎಳೀತಾರೆ, ಆದ್ರೂ ಒಳಗಡೆ ಈ 3+4 ಹರೀತಾನೇ ಇರುತ್ತೆ. ಎರಡು ಸಾಲು 14, 14 ಅಂತ ಬಂದು ಮೂರನೇದು 23ಕ್ಕೆ ಉದ್ದ ಆಗಿ ಗುರು ಮೇಲೆ ಕೂತ್ಕೊಳ್ಳೋದು, ಅದೂ ಒಂಥರ ಮುಕ್ತಾಯಾನೇ. ಒಂದು ವಾರ ದಿನಾ ಎರಡು ಪದ್ಯ ಹಿಂಗೆ ತಟ್ಕೊಂಡು ಓದಿದ್ರೆ ಮಿಶ್ರ ಛಾಪು ಜನ್ಮದಲ್ಲಿ ತಪ್ಪಲ್ಲ, ಜೊತೆಗೆ ಭಾರತ ಓದಿದ ಹಾಗೂ ಆಯ್ತು.

ಸ್ವರದಲ್ಲಿರೋ ಅಚ್ಚು

ಇಷ್ಟೊತ್ತು ಲಯ, ಸ್ವರದ ಕಡೆ ಬೇಗ ಒಂದು ಸುತ್ತು ಹೋಗಿ ಬರೋಣ. ಪುರಂದರದಾಸರು ಮಾಯಾಮಾಳವಗೌಳದಲ್ಲಿ ಪಾಠ ಹಾಕ್ಕೊಟ್ಟರು ಅನ್ನೋದು ನಮ್ಮ ಪರಂಪರೆಯ ಮಾತು. ಆ ರಾಗಾನೇ ಯಾಕೆ ಅಂತ ಕೇಳಿದ್ರೆ ನೂರು ಉತ್ತರ ಬರುತ್ತೆ, ನಂಗೆ ಇಷ್ಟವಾದ ಉತ್ತರ ಹಾರ್ಮೋನಿಯಂ ಮೇಲಿದೆ. ಸ್ವರದಿಂದ ಸ್ವರಕ್ಕೆ ಎಷ್ಟು ಮನೆ ಅಂತ ನೋಡಿ: 1, 3, 1, 2, 1, 3, 1. ಹಿಂದಿಂದ ಓದಿದ್ರೂ ಅದೇ. ಸರಿಗಮ ಹತ್ತಿದ ರೀತೀಲೇ ಪದನಿಸ ಹತ್ತೋದು, ಒಂದು ಅಚ್ಚು ಕಲ್ತ್ರೆ ಎರಡು ಕಡೆ ಒತ್ತಬಹುದು. ಮಗುವಿಗೆ ಅರ್ಧ ಕೆಲಸ ಉಳೀತು.

ಅಲಂಕಾರ ಅನ್ನೋ ಸ್ವರದ ಪಾಠದಲ್ಲೂ ಹಂಗೇ, ರೂಪಕ ತಾಳದಲ್ಲಿ ಸರಿ ಸರಿಗಮ, ಆಮೇಲೆ ರಿಗ ರಿಗಮಪ, ಆಕಾರ ಅದೇ, ಶುರುವಾಗೋ ಮೆಟ್ಟಿಲು ಮಾತ್ರ ಬೇರೆ. ಅಭ್ಯಾಸ ಮಾಡುವಾಗ ಸ್ವರದ ಹೆಸರು ಬಿಟ್ಟು ಬರೀ "ಆ" ಅಂತ ಹಾಡಿ ನೋಡಿ, ಆಕಾರ ನಿಜವಾಗ್ಲೂ ಮನಸ್ಸಿಗೆ ಇಳಿದಿದ್ಯಾ ಇಲ್ಲ ಬರೀ ಬಾಯಿಪಾಠಾನಾ ಅಂತ ಒಂದೇ ನಿಮಿಷಕ್ಕೆ ಬಯಲಾಗುತ್ತೆ. ನಂದು ಬಯಲಾಗಿತ್ತು.

ಮನೇಲಿ ಕೀಬೋರ್ಡ್ ಇದ್ರೆ ಇನ್ನೊಂದು ಮಜಾ. ಬರೀ ಕರಿ ಮನೆ ಮುಟ್ಟಿ, ಬಿಳಿ ಮುಟ್ಲೇಬೇಡಿ. ಕರಿ ಮೂರನ್ನ (ಮೂರು ಒಟ್ಟಿಗಿರೋ ಕರಿ ಮನೆಗಳಲ್ಲಿ ಮೊದಲನೇದು) ಷಡ್ಜ, ಅಂದ್ರೆ ಸ, ಅಂತ ಇಟ್ಕೊಂಡು ಹತ್ತಿದ್ರೆ ಮೋಹನ. ಕರಿ ನಾಕರಿಂದ ಶುರು ಮಾಡಿದ್ರೆ ಮಧ್ಯಮಾವತಿ, ಐದರಿಂದ ಹಿಂದೋಳ, ಒಂದರಿಂದ ಶುದ್ಧ ಸಾವೇರಿ, ಎರಡರಿಂದ ಶುದ್ಧ ಧನ್ಯಾಸಿ. ಅದೇ ಐದು ಮನೆ, ಐದು ರಾಗ! ಪ್ರತಿ ಸಲ ಆಯಾ ಷಡ್ಜಕ್ಕೆ ತಂಬೂರಿ ಆ್ಯಪ್ ಶ್ರುತಿ ಬದಲಾಯಿಸ್ಕೊಳ್ಳಿ, ಇಲ್ಲಾಂದ್ರೆ ಎಲ್ಲಾ ಮೋಹನದ ಥರಾನೇ ಕೇಳುತ್ತೆ. (ಗಮಕ, ಅಂದ್ರೆ ಸ್ವರಕ್ಕೆ ಕೊಡೋ ಒಲೆತ, ಇಲ್ದೇ ರಾಗ ಅಂತ ಕರೆಯೋದು ತಪ್ಪು, ಇದು ಬರೀ ಅಸ್ಥಿಪಂಜರ, ನಂಗೊತ್ತು, ಬೈಬೇಡಿ.)

ಮೂರು ಸಲ ಹೇಳಿ ಮುಗಿಸೋದು

ಈಗ ನಂಗೆ ಅತಿ ಇಷ್ಟದ ಭಾಗ, ಮುಕ್ತಾಯ. ಕಚೇರೀಲಿ ಸ್ವರ ಕಲ್ಪನೆ ಮುಗಿಯುವಾಗ, ತನಿ (ಮೃದಂಗ, ಘಟದೋರು ಮಾತ್ರ ನುಡಿಸೋ ಭಾಗ) ಮುಗಿಯುವಾಗ, ಒಂದು ತುಂಡು ಮೂರು ಸಲ ಬಂದು ಢಣ್ ಅಂತ ಸಮಕ್ಕೋ ಎತ್ತುಗಡೆಗೋ (ಹಾಡು ಶುರುವಾಗೋ ಜಾಗಕ್ಕೋ) ಬಂದು ಬೀಳುತ್ತಲ್ಲ, ಅದನ್ನ ನೀವೇ ಮನೇಲಿ ಕಟ್ಟಬಹುದು, ನಾಲ್ಕನೇ ಕ್ಲಾಸ್ ಲೆಕ್ಕ.

ಆದಿತಾಳದಲ್ಲಿ ಅಕ್ಷರಕ್ಕೆ 4 ಮಾತ್ರೆ ಇಟ್ಕೊಂಡ್ರೆ ಒಂದು ಆವರ್ತಕ್ಕೆ 32. ತುಂಡು ಮೂರು, ನಡುವೆ ಬಿಡುವು ಎರಡು. ಮೂರು ತುಂಡು ಪ್ಲಸ್ ಎರಡು ಬಿಡುವು ಸೇರಿ 32 ಆಗ್ಬೇಕು, ಅಷ್ಟೇ. ತುಂಡು 8 ಆದ್ರೆ ಬಿಡುವು 4. ತುಂಡು 6 ಆದ್ರೆ ಬಿಡುವು 7. ತುಂಡು 10 ಆದ್ರೆ ಬಿಡುವು ಬರೀ 1, ಉಸಿರು ತಗೊಳ್ಳೋಕೂ ಜಾಗ ಇರಲ್ಲ, ಕೇಳೋಕೆ ಸಕತ್ತಾಗಿರುತ್ತೆ. ಮೊದಲ ಸಲ ಮಾಡೋರು ಅರ್ಧ ಆವರ್ತದಿಂದ ಶುರು ಮಾಡಿ, ಅಂದ್ರೆ ಮೊದಲ ದ್ರುತದ ತಟ್ಟಿಂದ, ಅಲ್ಲಿ 16 ಮಾತ್ರೆ ಉಳಿದಿರುತ್ತೆ: ತಕಧಿಮಿ, ಎರಡು ಮಾತ್ರೆ ಬಿಡುವು, ತಕಧಿಮಿ, ಮತ್ತೆ ಎರಡು ಬಿಡುವು, ತಕಧಿಮಿ, ಮುಂದಿನ ತಟ್ಟು ಸಮ.

ತದಿಗಿಣತೊಂ ಅನ್ನೋ ಸೊಲ್ಲು ಕೇಳಿರ್ತೀರ, 5 ಮಾತ್ರೆ, ಮುಗಿಸೋಕೆ ಅಂತಾನೇ ಹುಟ್ಟಿದ್ದು. ಬಿಡುವಿಲ್ಲದೆ ಮೂರು ಸಲ ಹೇಳಿದ್ರೆ 15, ಹಂಗಾಗಿ ಅರ್ಧ ಆವರ್ತದ ತಟ್ಟು ಬಿದ್ದು ಒಂದು ಮಾತ್ರೆ ಕಳೆದ್ಮೇಲೆ ಶುರು ಮಾಡ್ಬೇಕು. ಆ ಒಂದು ಮಾತ್ರೆ ಸುಮ್ಮನಿರೋದೇ ಪರೀಕ್ಷೆ. ನಾನು ಎರಡು ವಾರ ಒದ್ದಾಡಿದ್ದೀನಿ, ತಟ್ಟು ಬಿದ್ದ ತಕ್ಷಣ ಬಾಯಿ ಬಿಟ್ಬಿಡ್ತಿತ್ತು. ಆಮೇಲೆ ಆ ಮಾತ್ರೇಲಿ ಮೆತ್ತಗೆ "ಮ್" ಅನ್ನೋಕೆ ಶುರು ಮಾಡ್ದೆ, ಸರಿಹೋಯ್ತು. ಈಗ್ಲೂ ಅಂತೀನಿ.

ಇದಕ್ಕಿಂತ ಸೊಗಸು ಚಿಕ್ಕದಾಗ್ತಾ ಹೋಗೋದು. ತಕಧಿಮಿ ತದಿಗಿಣತೊಂ 9, ತಕಿಟ ತದಿಗಿಣತೊಂ 8, ತಕ ತದಿಗಿಣತೊಂ 7, ಕೂಡಿದ್ರೆ 24. ಮೂವತ್ತೆರಡರಲ್ಲಿ 8 ಮಾತ್ರೆ ಅಂದ್ರೆ ಎರಡು ಅಕ್ಷರ ಬಿಟ್ಟು ಉಂಗುರ ಬೆರಳಿಂದ ಶುರು ಮಾಡಿದ್ರೆ ನೆಟ್ಟಗೆ ಸಮಕ್ಕೆ ಬರುತ್ತೆ. ಬುಡ ದಪ್ಪ ತುದಿ ಸಣ್ಣ, ಹಸುವಿನ ಬಾಲದ ಹಾಗೆ, ಅದಕ್ಕೇ ಗೋಪುಚ್ಛ ಯತಿ ಅನ್ನೋದು. ತಿರುಗಿಸಿ ಸಣ್ಣದ್ರಿಂದ ದೊಡ್ಡದಕ್ಕೆ ಹೋದ್ರೆ ಸ್ರೋತೋವಹ, ಹೊಳೆ ಹರೀತಾ ಅಗಲ ಆದ ಹಾಗೆ. ಮುತ್ತುಸ್ವಾಮಿ ದೀಕ್ಷಿತರು ಆನಂದಭೈರವಿಯ "ತ್ಯಾಗರಾಜ ಯೋಗ ವೈಭವಂ" ಪಲ್ಲವೀಲಿ ಗೋಪುಚ್ಛಾನ ಸಾಹಿತ್ಯದಲ್ಲೇ ಮಾಡಿಟ್ಟಿದ್ದಾರೆ, ಒಂದೊಂದೇ ತುಂಡು ಮುಂದಿಂದ ಉದುರ್ತಾ ಕೊನೆಗೆ "ವೈಭವಂ, ಭವಂ, ವಂ" ತನಕ ಬರುತ್ತೆ. ಮುಕ್ತಾಯ ಕಲಿಯೋ ಹುಡುಗ್ರಿಗೆ ನಾನು ಮೊದ್ಲು ಕೇಳ್ಸೋದು ಅದನ್ನೇ, ಯಾಕಂದ್ರೆ ಲೆಕ್ಕ ಗೊತ್ತಿಲ್ದೇ ಇದ್ದೋರಿಗೂ ಅದು ಕಿವಿಗೆ ಕಾಣುತ್ತೆ.

ಧಾರವಾಡದ ಕಡೆಯೋರಿಗೆ, ತಬಲಾ ಕೇಳಿ ಬೆಳೆದೋರಿಗೆ ಒಂದು ಎಚ್ಚರಿಕೆ. ಹಿಂದೂಸ್ತಾನಿಯಲ್ಲಿ ಹಿಂಗೇ ಮೂರು ಸಲ ಹೇಳಿ ಮುಗಿಸೋ ತಿಹಾಯಿಯ ಲೆಕ್ಕ ಇಲ್ಲಿಂದ ಒಂದು ಮಾತ್ರೆ ಆಚೆ ಈಚೆ. ನಮ್ಮ ಮುಕ್ತಾಯ ಸಾಮಾನ್ಯವಾಗಿ ಸಮದ ಹಿಂದಿನ ಮಾತ್ರೆಗೆ ಮುಗ್ದು ಸಮದಲ್ಲಿ ಹಾಡು ಎತ್ಕೊಳ್ಳುತ್ತೆ, ತಿಹಾಯಿಯ ಕೊನೆಯ ಧಾ ಸಮದ ಮೇಲೇ ಬೀಳುತ್ತೆ. ಅದಕ್ಕೇ ತೀನ್‌ತಾಲದ 16 ಮಾತ್ರೆಗೆ ಸಮದಿಂದ ಕಟ್ಟೋ ತಿಹಾಯಿ 17 ಇರ್ಬೇಕು, 5+1+5+1+5 ಅನ್ನೋ ಥರ. ಎರಡೂ ಕಡೆ ಪಾಠ ಮಾಡೋ ಮಕ್ಕಳು ಇಲ್ಲಿ ಕಂಗಾಲಾಗೋದನ್ನ ನೋಡಿದ್ದೀನಿ, ತಪ್ಪು ಅವ್ರದಲ್ಲ, ಯಾರೂ ಬಿಡಿಸಿ ಹೇಳಿರಲ್ಲ.

ಚೆಕ್ ಮಾಡ್ಕೊಳ್ಳೋದು

ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ, ಆಡಿಯೋ ಸಾಲ್ದು. ಬಾಯಿ ಸರಿ ಇದೆ ಅನ್ಸುತ್ತೆ, ವಿಡಿಯೋ ನೋಡಿದ್ರೆ ಕೈ ಬಾಯಿಗೋಸ್ಕರ ಸುಳ್ಳು ಹೇಳಿರುತ್ತೆ, ಎಲ್ಲೋ ಒಂದು ಬೆರಳು ನುಂಗಿರುತ್ತೆ. ಇನ್ನೊಂದು, 60ರಲ್ಲಿ ಬಂದಿದ್ದು 80ಕ್ಕೆ ಸಲೀಸಾಗಿ ಬರುತ್ತೆ, 40ಕ್ಕೆ ಇಳಿಸಿ ನೋಡಿ, ನಿಜವಾದ ಕಷ್ಟ ಅಲ್ಲಿದೆ. ನಿಧಾನದಲ್ಲಿ ಬಿಡುವು ಉದ್ದ ಆಗುತ್ತೆ, ಉದ್ದ ಬಿಡುವಲ್ಲಿ ಮನಸ್ಸು ಓಡಿಹೋಗುತ್ತೆ.

ಕಚೇರೀಲಿ ಕೂತಾಗ

ರಾಮನವಮಿ ಟೈಮಲ್ಲಿ ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿಗೆ ಹೋಗಿ ನೋಡಿ, ಸ್ಟೇಜ್ ಬಿಟ್ಟು ಜನರ ತೊಡೆ ನೋಡಿ. ಸಾಲಿಗೆ ನಾಲ್ಕೈದು ಕೈ ಆಡ್ತಿರುತ್ತೆ. ಹಾಡು ಗೊತ್ತಿಲ್ಲ ಅಂದ್ರೆ ಮೊದ್ಲು ಹಾಡೋರ ಕೈಯಿಂದ ತಾಳ ಕದೀರಿ, ಅವ್ರ ಕೈ ಕಾಣ್ಲಿಲ್ಲ ಅಂದ್ರೆ ಪಕ್ಕದ ಹಿರಿಯರ ಕೈಯಿಂದ. ಆಮೇಲೆ ಪಲ್ಲವಿ ಎಲ್ಲಿಂದ ಎತ್ತಿದ್ರು ಅಂತ ಹಿಡೀರಿ, ಎಷ್ಟೋ ಹಾಡು ಸಮ ಬಿದ್ದು ಅರ್ಧ ಅಕ್ಷರ ಆದ್ಮೇಲೋ ಒಂದೂವರೆ ಅಕ್ಷರ ಆದ್ಮೇಲೋ ಶುರುವಾಗುತ್ತೆ. ಆ ಜಾಗ ಸಿಕ್ಕಿದ್ರೆ ಸಾಕು, ಸ್ವರ ಹಾಕುವಾಗ ಪ್ರತಿಯೊಂದು ಸುತ್ತೂ ಅಲ್ಲಿಗೇ ವಾಪಸ್ ಬರ್ಬೇಕು, ದೂರ ಹೋದಷ್ಟೂ ಬರೋ ದಾರಿ ನೋಡೋ ಖುಷಿ ಜಾಸ್ತಿ.

ತನಿ ಶುರುವಾದಾಗ ಕಾಫಿಗೆ ಎದ್ದು ಹೋಗೋರಲ್ಲಿ ನಾನೂ ಒಬ್ಬ ಆಗಿದ್ದೆ, ಬೈಯೋ ಹಕ್ಕು ನಂಗಿಲ್ಲ. ಈಗ ಹೇಳೋದು ಇಷ್ಟು, ಕೊನೆಯ ಐದು ನಿಮಿಷಕ್ಕಾದ್ರೂ ವಾಪಸ್ ಬನ್ನಿ. ಮೃದಂಗದೋರು, ಘಟದೋರು ಉದ್ದದ್ದು, ಆಮೇಲೆ ಅದರರ್ಧ, ಅದರರ್ಧ ಅಂತ ಪಾಲು ಮಾಡ್ಕೊಂಡು ಕುರೈಪ್ಪು ನುಡಿಸಿ ಇಬ್ರೂ ಒಟ್ಟಿಗೆ ಸೇರ್ತಾರೆ, ಮುಗಿಯೋ ಸೂಚನೆ ಕೊಡೋ ಮೋಹರ ಬರುತ್ತೆ, ಅದಾದ್ಮೇಲೆ ಕೋರ್ವೆ, ಅಂದ್ರೆ ಕೊನೆಯ ದೊಡ್ಡ ಮುಕ್ತಾಯ. ಕೋರ್ವೆ ಸಾಮಾನ್ಯವಾಗಿ ಮೂರು ಸಲ ನುಡಿಸ್ತಾರೆ, ನಿಮಗೆ ಮೂರು ಚಾನ್ಸ್. ಮೊದಲನೇ ಸಲ ಸುಮ್ನೆ ಕೇಳಿ, ತುಂಡು ಚಿಕ್ಕದಾಗ್ತಿದ್ಯಾ ದೊಡ್ಡದಾಗ್ತಿದ್ಯಾ ಅಂತ ಮಾತ್ರ. ಎರಡನೇ ಸಲ ಕೊನೆಯ ತದಿಗಿಣತೊಂ ಎಲ್ಲಿಂದ ಶುರುವಾಯ್ತು, ಯಾವ ಬೆರಳಿಂದ, ಅದನ್ನ ಹಿಡೀರಿ. ಮೂರನೇ ಸಲ ಅವ್ರ ಜೊತೆ ತುಟಿ ಆಡ್ಸಿ, ಸಮಕ್ಕೆ ಕೈ ಜೋರಾಗಿ ತಟ್ಟಿ. ಸರಿಯಾಗಿ ಬಿದ್ರೆ ಪಕ್ಕದ ಮಾಮ ತಿರುಗಿ ನೋಡಿ ತಲೆ ಆಡಿಸ್ತಾರೆ, ಒಂದು ಅಕ್ಷರ ಮುಂಚೆ ಬಿದ್ರೂ ತಿರುಗಿ ನೋಡ್ತಾರೆ, ಆಗ ಸೊಳ್ಳೆ ಹೊಡೆದ ಹಾಗೆ ತೊಡೆ ಕೆರ್ಕೊಂಡ್ಬಿಡಿ.